ಪಾಲಿಟೆಕ್ನಿಕ್ ನೋಡಲು ಪೋಲೆಂಡಿಗೆ

ತಂಗಿಯ ಮಗ ಪೋಲೆಂಡಿಗೆ ಹೊರಟಾಗ ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದೇ ಅನುಮಾನ. ಬಿ.ಇ. ಮುಗಿಸಿದ ಹುಡುಗ ಪಾಲಿಟೆಕ್ನಿಕ್ ಸೇರುವುದು ಅಂದರೇನು? ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದಲೇ ಕೇಳಿದರು: "ಡಿಪ್ಲೊಮಾ ಮಾಡೋಕೆ ಅಷ್ಟು ದೂರ ಹೋಗ್ಬೇಕಾ? ನೀವೇ ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೀರಲ್ಲ, ನಿಮ್ಮ ಹತ್ರಾನೇ ಕೂರಿಸಿಕೊಳ್ಳಿ."

ಅಲ್ಲಿ ಪೊಲಿಟೆಕ್ನಿಕಾ ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಆದಮೇಲಿನ ಮೂರು ವರ್ಷದ ಡಿಪ್ಲೊಮಾ ಕಾಲೇಜಲ್ಲ, ಪಿಎಚ್.ಡಿ. ತನಕ ಓದಿಸುವ ತಾಂತ್ರಿಕ ವಿಶ್ವವಿದ್ಯಾಲಯ ಎಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಕಳೆದ ನವೆಂಬರಿನಲ್ಲಿ ಆರು ದಿನಕ್ಕೆ ನಾನೇ ಹೋಗಿಬಂದೆ. ನೋಡಬೇಕಾದ್ದು ಹುಡುಗನನ್ನೋ ಕಾಲೇಜನ್ನೋ ಎಂದು ತಂಗಿ ಕೇಳಿದ್ದಳು. ಎರಡೂ ಅಂದಿದ್ದೆ. ನಿಜ ಹೇಳಬೇಕೆಂದರೆ ಕಾಲೇಜಿನ ಕುತೂಹಲವೇ ಒಂದು ತೂಕ ಹೆಚ್ಚಿತ್ತು.

ನವೆಂಬರ್ 11

ವ್ರೊಟ್ಸ್ವಾಫ್ ವಿಮಾನ ನಿಲ್ದಾಣಕ್ಕೆ ಕೊಪರ್ನಿಕಸ್‌ನ ಹೆಸರಿಟ್ಟಿದ್ದಾರೆ. ಊರಿನ ಹೆಸರು ಉಚ್ಚರಿಸಲು ಬೆಂಗಳೂರಿನಿಂದಲೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಆದರೂ ಇಮಿಗ್ರೇಷನ್ನಿನವನ ಎದುರು ನಾಲಿಗೆ ತೊಡರಿತು. ಪುಟ್ಟ ಹೊರಗೆ ಕಾಯುತ್ತಿದ್ದ. ಮೊದಲ ಮಾತೇ, "ಮಾವ, ತಿನ್ನೋಕೆ ಏನಾದ್ರೂ ತಂದಿದೀರಾ? ಇವತ್ತು ಎಲ್ಲಾ ಬಂದ್."

ಅಂದು ಅವರ ಸ್ವಾತಂತ್ರ್ಯ ದಿನ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಪಾಲು ಮಾಡಿಕೊಂಡ ಮೇಲೆ ಪೋಲೆಂಡ್ ಎಂಬ ದೇಶವೇ ನಕಾಶೆಯಲ್ಲಿರಲಿಲ್ಲ. 123 ವರ್ಷ ಕಳೆದು 1918ರ ನವೆಂಬರ್ 11ಕ್ಕೆ ಮತ್ತೆ ಬಂತು. ಟ್ರಾಮುಗಳಿಗೆ ಬಿಳಿ–ಕೆಂಪು ಬಾವುಟ ಸಿಕ್ಕಿಸಿದ್ದರು. ದೊಡ್ಡ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಝಾಬ್ಕಾ ಎಂಬ ಹೆಸರಿನ ಹಸಿರು ಫಲಕದ ಪುಟ್ಟ ಅಂಗಡಿ ಮಾತ್ರ ತೆರೆದಿತ್ತು. ಆ ಹೆಸರಿಗೆ ಕಪ್ಪೆಮರಿ ಎಂದು ಅರ್ಥವಂತೆ. ಬ್ರೆಡ್ಡು, ಹಾಲು ಕೊಂಡು, ನಾನು ಒಯ್ದಿದ್ದ ಚಟ್ನಿಪುಡಿ ಬಿಚ್ಚಿ, ಹಬ್ಬ ಮುಗಿಸಿದೆವು. ಸಂಜೆ ಐದಕ್ಕೆಲ್ಲ ಕಗ್ಗತ್ತಲೆ.

ಪುಟ್ಟ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಕೋಣೆ ಹಿಡಿದಿದ್ದಾನೆ. ಮನೆಯ ಒಡತಿ ಎಪ್ಪತ್ತು ದಾಟಿದ ವಿಧವೆ. ಇವನು ಅವರನ್ನು 'ಪಾನಿ' ಎನ್ನುತ್ತಾನೆ. ನಮ್ಮಲ್ಲಿ ಅಮ್ಮಾವ್ರು ಅಂದಹಾಗೆ. ಬಾಗಿಲಿಗೆ ಕಾಗದ ಹಾಕುವ ಹಿತ್ತಾಳೆಯ ಸೀಳು, ಅದರ ಮೇಲೆ 'ಬ್ರೀಫೆ' ಎಂಬ ಉಬ್ಬಕ್ಷರ. ಪೋಲಿಷ್ ಪದವೇ ಎಂದು ಕೇಳಿದೆ. "ಇಲ್ಲ ಮಾವ, ಜರ್ಮನ್. ಕಾಗದಗಳು ಅಂತ." ಪೋಲೆಂಡಿನ ಮನೆಗೆ ಜರ್ಮನ್ ಬಾಗಿಲು ಯಾಕೆ ಎಂದು ಕೇಳುವಷ್ಟರಲ್ಲಿ ನಿದ್ದೆ ಬಂದಿತ್ತು.

ನವೆಂಬರ್ 12

ಬೆಳಿಗ್ಗೆ ಓಡ್ರಾ ನದಿಯ ದಂಡೆ. ಮಂಕಿ ಕ್ಯಾಪ್ ಹಾಕಿಕೊಂಡು ಹೊರಟೆ, ಪುಟ್ಟ ಹತ್ತು ಹೆಜ್ಜೆ ಮುಂದೆ ನಡೆದ. ನಾಚಿಕೆಯಾಗಿರಬೇಕು.

ಪೊಲಿಟೆಕ್ನಿಕಾದ ಮುಖ್ಯ ಕಟ್ಟಡಕ್ಕೆ ಎ-1 ಎಂಬ ಬೋಳು ಹೆಸರು. ಕಟ್ಟಡಗಳನ್ನೆಲ್ಲ ಅವರು ಹೀಗೆ ಅಕ್ಷರ, ಅಂಕಿಯಿಂದಲೇ ಕರೆಯುವುದು. ಆದರೆ ಕಟ್ಟಡ ಬೋಳಲ್ಲ. ಕಡಿದಾದ ಕೆಂಪು ಹೆಂಚಿನ ಮಾಡು, ದಪ್ಪ ಗೋಡೆ, ಪ್ರಷ್ಯನ್ ಗತ್ತು. ನಿನ್ನೆಯ ಬಾಗಿಲಿನ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಈ ಊರು 1945ರ ತನಕ ಬ್ರೆಸ್ಲಾವ್, ಜರ್ಮನಿಯ ದೊಡ್ಡ ನಗರಗಳಲ್ಲೊಂದು. ಈ ಕಟ್ಟಡವನ್ನು ಜರ್ಮನ್ನರು ತಮ್ಮ ತಾಂತ್ರಿಕ ಉನ್ನತ ಶಾಲೆಗೆಂದು ಕಟ್ಟಿಸಿ 1910ರಲ್ಲಿ ಕೈಸರ್ ಎರಡನೇ ವಿಲ್ಹೆಲ್ಮ್‌ನಿಂದ ಉದ್ಘಾಟನೆ ಮಾಡಿಸಿದರು. ಸುತ್ತಲ ಸೈಲೀಶಿಯಾದಲ್ಲಿ ಕಲ್ಲಿದ್ದಲು ಗಣಿ, ಉಕ್ಕಿನ ಕುಲುಮೆ ತುಂಬಿದ್ದವು. ಎಂಜಿನಿಯರುಗಳು ಬೇಕಾಗಿದ್ದರು. ಹತ್ತಿರದಲ್ಲೇ ಇರುವ ಗ್ರುನ್ವಾಲ್ಡ್ ತೂಗುಸೇತುವೆಯೂ ಅದೇ 1910ರದ್ದು. ಆಗ ಅದರ ಹೆಸರು ಕೈಸರ್ ಸೇತುವೆ.

ಹಾಗಾದರೆ ಇವರು ತಮ್ಮ ವಿಶ್ವವಿದ್ಯಾಲಯದ ಹುಟ್ಟಿದ ವರ್ಷ 1910 ಎನ್ನಬೇಕು. ಎನ್ನುವುದಿಲ್ಲ. 1945 ಎನ್ನುತ್ತಾರೆ. ಗೋಡೆ ಒಬ್ಬರದು, ಪಾಠ ಇನ್ನೊಬ್ಬರದು. ಪಾಠ ಹೇಳುವವರು ಬಂದದ್ದು ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ, ಪೂರ್ವದ ಲ್ವೂಫ್ ಎಂಬ ಊರಿಂದ. ಈಗ ನಾವು ಸುದ್ದಿಯಲ್ಲಿ ಕೇಳುವ ಉಕ್ರೇನಿನ ಲ್ವಿವ್ ಅದೇ.

ಯುದ್ಧ ಮುಗಿದಾಗ ಗೆದ್ದವರು ಪೋಲೆಂಡನ್ನು ಚಾಪೆ ಎಳೆದಂತೆ ಪಶ್ಚಿಮಕ್ಕೆ ಎಳೆದರು. ಪೂರ್ವದ ಲ್ವೂಫ್ ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಪಶ್ಚಿಮದ ಬ್ರೆಸ್ಲಾವ್ ಪೋಲೆಂಡಿಗೆ ಬಂತು. ಇಲ್ಲಿದ್ದ ಜರ್ಮನ್ನರನ್ನು ಹೊರಗೆ ಹಾಕಿದರು. ಅಲ್ಲಿದ್ದ ಪೋಲರನ್ನು ರೈಲಿಗೆ ಹತ್ತಿಸಿದರು. ಲ್ವೂಫ್‌ನಲ್ಲಿ 1844ರಿಂದ ನಡೆದುಬಂದ ಹಳೆಯ ಪೊಲಿಟೆಕ್ನಿಕಾ ಇತ್ತು, ಅದಕ್ಕೂ ಹಳೆಯ ವಿಶ್ವವಿದ್ಯಾಲಯವಿತ್ತು. ಬದುಕುಳಿದ ಪ್ರಾಧ್ಯಾಪಕರಲ್ಲಿ ಬಹಳ ಮಂದಿ ಇಲ್ಲಿಗೆ ಬಂದು ಇಳಿದರು. ಕಟ್ಟಡಗಳು ಮಾತ್ರ ಅಲ್ಲೇ ಉಳಿದವು. ಅವುಗಳಲ್ಲಿ ಈಗ ಲ್ವಿವ್ ಪಾಲಿಟೆಕ್ನಿಕ್ ನಡೆಯುತ್ತಿದೆ, ಉಕ್ರೇನಿ ಭಾಷೆಯಲ್ಲಿ. ಅಲ್ಲಿನ ಪಾಠ ಇಲ್ಲಿ, ಇಲ್ಲಿನವರ ಪಾಠ ಇನ್ನೆಲ್ಲೋ.

ಮಧ್ಯಾಹ್ನ ಪೊಲಿಂಕಾ ಹತ್ತಿದೆವು. ವಿಶ್ವವಿದ್ಯಾಲಯವೇ ನದಿಯ ಮೇಲೆ ಎಳೆದಿರುವ ರೋಪ್‌ವೇ ಇದು. 2013ರಿಂದ ಓಡುತ್ತಿದೆ. ಎರಡು ಡಬ್ಬಿ, ಒಂದು ಅತ್ತ ಹೋದರೆ ಒಂದು ಇತ್ತ. ಮುಖ್ಯ ಆವರಣ ಒಂದು ದಡದಲ್ಲಿ, ಹೊಸ ಪ್ರಯೋಗಾಲಯದ ಕಟ್ಟಡ ಇನ್ನೊಂದು ದಡದಲ್ಲಿ. ಕ್ಲಾಸಿಗೆ ತಡವಾದವರು ಸೇತುವೆ ಸುತ್ತಿ ಓಡುವ ಬದಲು ತೇಲಿಕೊಂಡು ಹೋಗುತ್ತಾರೆ. ಕುಳಿತು ಉಸಿರು ಬಿಡುವಷ್ಟರಲ್ಲಿ ಆಚೆ ದಡ.

ಹಿಂದಕ್ಕೆ ಬರುವಾಗ ಸಿ-13 ನೋಡಿದೆ. ಗೋಡೆಯ ತುಂಬ ದುಂಡು ಕಿಟಕಿಗಳು. ಹುಡುಗರು ಅದನ್ನು 'ಸೆರೋವ್ಯೆಟ್ಸ್' ಅನ್ನುತ್ತಾರೆ, ತೂತು ತೂತಿನ ಚೀಸಿನ ಕಟ್ಟಡ ಎಂದು. ಅದನ್ನು ನೋಡಿ ನಕ್ಕವನು ಗ್ರುನ್ವಾಲ್ಡ್ ಚೌಕದ ಎತ್ತರದ ವಸತಿ ಕಟ್ಟಡಗಳನ್ನು ನೋಡಿ ಇನ್ನೂ ನಕ್ಕೆ. ಬಾಲ್ಕನಿಯ ಕಾಂಕ್ರೀಟು ಚೌಕಟ್ಟುಗಳ ಆಕಾರದಿಂದಾಗಿ ಊರಿನವರು ಅವಕ್ಕೆ ಕಮೋಡ್ ಸೀಟಿನ ಹೆಸರಿಟ್ಟಿದ್ದಾರೆ. ಯಡ್ವಿಗಾ ಗ್ರಾಬೋವ್ಸ್ಕಾ-ಹವ್ರಿಲಾಕ್ ಎಂಬ ವಾಸ್ತುಶಿಲ್ಪಿ 1970ರ ಆಸುಪಾಸಿನಲ್ಲಿ ರೂಪಿಸಿದ ಕಟ್ಟಡಗಳು ಇವು. ಈ ಚೌಕ ಇಷ್ಟು ಅಗಲವಾಗಿರುವುದರ ಕಾರಣ ಕೇಳಿದ ಮೇಲೆ ನಗು ನಿಂತಿತು. 1945ರ ಮುತ್ತಿಗೆಯಲ್ಲಿ ಜರ್ಮನ್ ಸೇನೆ ವಿಮಾನ ಇಳಿಸಲು ರನ್‌ವೇ ಬೇಕೆಂದು ಇಲ್ಲಿದ್ದ ಮನೆಗಳ ಸಾಲುಸಾಲನ್ನೇ ನೆಲಸಮ ಮಾಡಿತು. ಊರು ಶರಣಾದದ್ದು ಮೇ 6ಕ್ಕೆ, ಬರ್ಲಿನ್ ಬಿದ್ದು ನಾಲ್ಕು ದಿನವಾದ ಮೇಲೆ.

ನವೆಂಬರ್ 13

ಈ ದಿನ ಪೂರ್ತಿ ಕಾಲೇಜಿನ ಒಳಗೆ. ಒಳಗೆ ಅಂದೆ, ಆದರೆ ಒಳಗೆ ಹೋಗುವುದೇ ಒಂದು ಕಥೆ. ಕೋಟು ತೊಟ್ಟುಕೊಂಡೇ ಕ್ಲಾಸಿನ ಕಡೆ ಹೊರಟವನನ್ನು ಹಿರಿಯ ಹೆಂಗಸೊಬ್ಬರು ತಡೆದರು. ಕೈಸನ್ನೆಯಲ್ಲಿ ಕೋಟು ಬಿಚ್ಚು ಎಂದರು. ಹೊರಗಿನ ಕೋಟನ್ನು 'ಷಾತ್ನ್ಯಾ'ದಲ್ಲಿ ಬಿಟ್ಟು ನಂಬರಿನ ಬಿಲ್ಲೆ ಪಡೆಯಬೇಕು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುತ್ತೇವಲ್ಲ, ಥೇಟ್ ಹಾಗೇ. ನನ್ನ ಬಿಲ್ಲೆ 214. ಮಂಕಿ ಕ್ಯಾಪನ್ನೂ ಕೊಡಬೇಕೇ ಎಂದು ತಲೆ ಮುಟ್ಟಿ ತೋರಿಸಿದೆ. ಅವರು ಮೊದಲ ಬಾರಿಗೆ ನಕ್ಕರು.

ಎಂಜಿನಿಯರಿಂಗ್ ಕಲಿಸುವ ಸಂಸ್ಥೆಯನ್ನು ಬೇರೆ ದೇಶದಲ್ಲಿ ಹೇಗೆ ಕಟ್ಟಿದ್ದಾರೆ ಎಂದು ನೋಡುವ ಚಟ ನನಗೆ. ಪುಟ್ಟನ ಜೊತೆ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನೂ ಕೂರಿಸಿಕೊಂಡು ಎರಡು ಗಂಟೆ ಕೊರೆದೆ.

ಮೇಲೆ ರೆಕ್ಟರ್. ಅವರನ್ನು ಯಾರೂ ನೇಮಿಸುವುದಿಲ್ಲ, ಚುನಾಯಿಸುತ್ತಾರೆ. ನಾಲ್ಕು ವರ್ಷದ ಅವಧಿ, ಹೆಚ್ಚೆಂದರೆ ಸತತ ಎರಡು ಸಲ. ಮತ ಹಾಕುವ ಮಂಡಳಿಯಲ್ಲಿ ಐದರಲ್ಲಿ ಒಂದು ಪಾಲಾದರೂ ವಿದ್ಯಾರ್ಥಿಗಳಿರಬೇಕೆಂದು ಕಾನೂನೇ ಇದೆ. ಕುಲಪತಿಯ ಆಯ್ಕೆಯಲ್ಲಿ ಹುಡುಗರ ಮತ! ನಮ್ಮಲ್ಲಿ ಶೋಧನಾ ಸಮಿತಿ, ಸರ್ಕಾರ, ರಾಜಭವನ ಸುತ್ತಿ ಬರುವ ಕಡತ ನೆನಪಾಯಿತು. 'ಚಾನ್ಸಲರ್' ಎಂಬವರು ಇಲ್ಲಿಯೂ ಇದ್ದಾರೆ. ಆದರೆ ನಮ್ಮ ಹಾಗೆ ರಾಜ್ಯಪಾಲರಲ್ಲ. ಕಟ್ಟಡ, ದುಡ್ಡು, ಆಡಳಿತ ನೋಡಿಕೊಳ್ಳುವ ಅಧಿಕಾರಿ. ರೆಕ್ಟರ್ ಜೊತೆಗೆ ಸೆನೆಟ್ ಇದೆ. 2018ರ ಹೊಸ ಕಾಯಿದೆ ಬಂದಮೇಲೆ ಹೊರಗಿನವರೂ ಕೂರುವ ಒಂದು ವಿಶ್ವವಿದ್ಯಾಲಯ ಮಂಡಳಿ ಸೇರಿಕೊಂಡಿತು.

ಕೆಳಗೆ 'ವಿಜಾವ್'ಗಳು, ಅಂದರೆ ನಿಕಾಯಗಳು. ಪ್ರತಿಯೊಂದಕ್ಕೂ ಒಬ್ಬ ಡೀನ್, ಒಂದು ನಂಬರು. ವಾಸ್ತುಶಿಲ್ಪ ಡಬ್ಲ್ಯು-1, ಸಿವಿಲ್ ಡಬ್ಲ್ಯು-2, ಕೆಮಿಸ್ಟ್ರಿ ಡಬ್ಲ್ಯು-3. ಪುಟ್ಟ ಇರುವುದು ಡಬ್ಲ್ಯು-5, ಎಲೆಕ್ಟ್ರಿಕಲ್. ಗಣಿಗಾರಿಕೆ, ಪರಿಸರ, ಮೆಕ್ಯಾನಿಕಲ್ ಹೀಗೆ ಸಾಲು ಹೋಗಿ ಗಣಿತ ಡಬ್ಲ್ಯು-13ಕ್ಕೆ ಬರುತ್ತದೆ. 1945ರಲ್ಲಿ ಇದ್ದದ್ದು ನಾಲ್ಕೇ: ಕೆಮಿಸ್ಟ್ರಿ, ಮೆಕ್ಯಾನಿಕಲ್–ಎಲೆಕ್ಟ್ರಿಕಲ್, ಕಟ್ಟಡ ನಿರ್ಮಾಣ, ಲೋಹ–ಗಣಿ. ಈಗ ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ನಿಕಾಯದ ಕೆಳಗೆ 'ಕತೆದ್ರಾ'ಗಳು, ನಮ್ಮ ಡಿಪಾರ್ಟ್‌ಮೆಂಟಿನ ಹಾಗೆ.

ಓದಿನ ಲೆಕ್ಕ ಇನ್ನೂ ಸೊಗಸು. ಏಳು ಸೆಮಿಸ್ಟರಿಗೆ 'ಇಂಜಿನ್ಯೆರ್', ಅಂದರೆ ಮೂರೂವರೆ ವರ್ಷ. ಅದರ ಮೇಲೆ ಮೂರು ಸೆಮಿಸ್ಟರ್ ಓದಿದರೆ 'ಮಗಿಸ್ತೆರ್ ಇಂಜಿನ್ಯೆರ್'. ಪುಟ್ಟ ಈ ಎರಡನೆಯದರಲ್ಲಿದ್ದಾನೆ. ಅಂಕ ನೂರಕ್ಕಲ್ಲ. 2 ಬಂದರೆ ಫೇಲು, 3 ಬಂದರೆ ಪಾಸು, 5 ಬಂದರೆ ಬಹಳ ಚೆನ್ನ. ಇಲ್ಲಿ ಅದರ ಮೇಲೂ 5.5 ಎಂಬುದೊಂದಿದೆ. "ನಿನಗೆಷ್ಟು?" ಅಂದೆ. "ಮಾವ, ಆ ಕಿಟಕಿ ನೋಡಿ, ಎಷ್ಟು ಚೆನ್ನಾಗಿದೆ" ಅಂದ. ಪೋಲಿಷ್ ಹುಡುಗರು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಕೋರ್ಸನ್ನು ತಮ್ಮ ಭಾಷೆಯಲ್ಲಿ ಓದಿದರೆ ಬೋಧನಾ ಶುಲ್ಕವೇ ಇಲ್ಲ. ಪುಟ್ಟ ಓದುವುದು ಇಂಗ್ಲಿಷಿನಲ್ಲಿ, ಶುಲ್ಕ ನನ್ನ ಭಾವನ ಜೇಬಿನಿಂದ. ಪೋಲಿಷಿನಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣ ಕಲಿಸಬಹುದಾದರೆ ಕನ್ನಡದಲ್ಲಿ ಏಕಾಗದು ಎಂದು ಕೇಳುವ ಆಸೆಯಾಯಿತು. ಆದರೆ ಮೂವತ್ತು ವರ್ಷ ನಾನೇ ಕಂಗ್ಲಿಷಿನಲ್ಲಿ ಪಾಠ ಮಾಡಿದವನು, ಸುಮ್ಮನಾದೆ.

ಕಾರಿಡಾರಿನಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಬಾಗಿಲುಗಳ ಮೇಲಿನ ಹೆಸರಿನ ಪಟ್ಟಿಗಳು. ಹೆಸರಿಗಿಂತ ಅದರ ಮುಂದಿನ ಬೋಗಿಗಳೇ ಉದ್ದ. 'ಡಾ. ಇಂ.' ಎಂದಿದ್ದರೆ ಪಿಎಚ್.ಡಿ. ಆದ ಎಂಜಿನಿಯರ್. ನಡುವೆ 'ಹಬ್.' ಎಂಬ ಡಬ್ಬಿ ಸೇರಿದರೆ ಹಬಿಲಿತಾತ್ಸ್ಯಾ ಆಗಿದೆ ಎಂದರ್ಥ. ಪಿಎಚ್.ಡಿ. ಆಗಿ ವರ್ಷಾನುಗಟ್ಟಲೆ ಸ್ವತಂತ್ರವಾಗಿ ಸಂಶೋಧನೆ ಮಾಡಿ, ಅದನ್ನು ಹೊರಗಿನವರ ಪರೀಕ್ಷೆಗೆ ಒಡ್ಡಿ ಗೆದ್ದರೆ ಸಿಗುವ ಎರಡನೇ ಪದವಿ ಅದು. ಇಷ್ಟಾದರೂ ಪೂರ್ಣ ಪ್ರೊಫೆಸರ್ ಅಲ್ಲ. 'ವಿಶ್ವವಿದ್ಯಾಲಯದ ಪ್ರೊಫೆಸರ್' ಎಂಬುದು ಒಂದು ಹುದ್ದೆ, ಆ ವಿಶ್ವವಿದ್ಯಾಲಯ ಬಿಟ್ಟರೆ ಅದೂ ಬಿಟ್ಟುಹೋಗುತ್ತದೆ. ಬರೀ 'ಪ್ರೊಫೆಸರ್' ಎಂಬುದು ಬಿರುದು, ದೇಶದ ಅಧ್ಯಕ್ಷರೇ ಕೊಡುವಂಥದ್ದು, ಸಾಯುವ ತನಕ ಇರುತ್ತದೆ. ಅಂಥವರನ್ನು ವಾರ್ಸಾದ ಬೆಲ್ವೆಡೆರ್ ಅರಮನೆಯ ಹೆಸರಿನಲ್ಲಿ 'ಬೆಲ್ವೆಡೆರ್ ಪ್ರೊಫೆಸರ್' ಎನ್ನುತ್ತಾರೆ. ನಮ್ಮೂರಲ್ಲಿ ಮ್ಯಾಜಿಕ್ ಮಾಡುವವನೂ ಪ್ರೊಫೆಸರ್ ಎಂದು ಹೇಳಿದೆ. ಸಂಶೋಧನಾ ವಿದ್ಯಾರ್ಥಿ ಅದನ್ನು ಬರೆದುಕೊಂಡ.

ಮಾತಾಡಿಸುವ ರೀತಿ ನನಗೆ ಮನೆಯ ನೆನಪು ತಂದಿತು. ಗುರುಗಳನ್ನು 'ನೀನು' ಎನ್ನುವುದಿರಲಿ, ನೇರವಾಗಿ 'ನೀವು' ಅಂತಲೂ ಅನ್ನುವುದಿಲ್ಲ. 'ಪ್ರೊಫೆಸರ್ ಅವರಿಗೆ ಸಮಯವಿದೆಯೇ?' ಎಂದು ಎದುರಿಗಿದ್ದವರನ್ನೇ ಮೂರನೆಯವರಂತೆ ಕೇಳುತ್ತಾರೆ. ನಮ್ಮ ಅಜ್ಜಿ ಮನೆಗೆ ಬಂದ ಶಾನುಭೋಗರನ್ನು "ರಾಯರು ಕಾಫಿ ಕುಡೀತಾರಾ?" ಎಂದು ಬಾಗಿಲ ಮರೆಯಿಂದ ಕೇಳುತ್ತಿದ್ದದ್ದು ಹೀಗೇ.

ಕ್ಲಾಸು ಗಂಟೆಗೆ ಸರಿಯಾಗಿ ಶುರುವಾಗಲಿಲ್ಲ. ಯಾರಿಗೂ ಅವಸರವೂ ಇರಲಿಲ್ಲ. 'ಅಕಾಡೆಮಿಕ್ ಕಾಲುಗಂಟೆ' ಎಂಬ ಹಳೆಯ ಪದ್ಧತಿಯಿದೆಯಂತೆ. ಹದಿನೈದು ನಿಮಿಷದ ಒಳಗೆ ಮೇಷ್ಟ್ರು ಬರದಿದ್ದರೆ ಹುಡುಗರು ಎದ್ದು ಹೋಗಬಹುದು. ಹದಿಮೂರನೇ ನಿಮಿಷಕ್ಕೆ ಬಂದರು. ಎಲ್ಲರ ಮುಖ ಬಾಡಿತು.

ನವೆಂಬರ್ 14

ಇಡೀ ದಿನ ಜಿಟಿಜಿಟಿ ಮಳೆ. ಪುಟ್ಟನಿಗೆ ಲ್ಯಾಬ್ ಇತ್ತು. ಒಬ್ಬನೇ ಟ್ರಾಮ್ ಹಿಡಿದು ಹೋಗಿ ಎರಡು ಕಂಡೆ.

ಒಂದು, ರಾಟ್ಸ್ವಾವಿತ್ಸೆ ಯುದ್ಧದ ಸುತ್ತುಚಿತ್ರ. ಹದಿನೈದು ಮೀಟರ್ ಎತ್ತರ, ನೂರ ಹದಿನಾಲ್ಕು ಮೀಟರ್ ಉದ್ದದ ಒಂದೇ ಕ್ಯಾನ್ವಾಸು, ದುಂಡಗೆ ನಿಲ್ಲಿಸಿದ್ದಾರೆ. 1894ರಲ್ಲಿ ಲ್ವೂಫ್‌ನಲ್ಲಿ ತೋರಿಸಲು ಬರೆದದ್ದು. ಎರಡನೇ ಮಹಾಯುದ್ಧವಾದ ಮೇಲೆ ಸುರುಳಿ ಸುತ್ತಿ ಇದನ್ನೂ ರೈಲಿಗೆ ಹಾಕಿದರು. ರಷ್ಯನ್ನರನ್ನು ಪೋಲಿಷ್ ರೈತರು ಸೋಲಿಸುವ ಚಿತ್ರ, ಸೋವಿಯತ್ ನೆರಳಿನ ಸರ್ಕಾರಕ್ಕೆ ಇಷ್ಟವಾಗುವುದು ಹೇಗೆ? 1985ರ ತನಕ ಜನ ನೋಡಲಾಗಲಿಲ್ಲ. ಊರ ನಡುವಿನ ಚೌಕದ ನಾಟಕಕಾರ ಫ್ರೆದ್ರೋನ ಪ್ರತಿಮೆಯೂ ಲ್ವೂಫ್‌ನದ್ದೇ. ಮೇಷ್ಟ್ರುಗಳು, ಚಿತ್ರ, ಪ್ರತಿಮೆ, ಒಂದು ದೊಡ್ಡ ಗ್ರಂಥಾಲಯದ ಪಾಲು, ಎಲ್ಲ ಬಂದವು.

ಎರಡನೆಯದು ಯಾರೂ ಹೇಳದೆ ಎದುರಾಯಿತು: ಮ್ಯಾಕ್ಸ್ ಬಾರ್ನ್ ಹೆಸರಿನ ಒಂದು ಚಿಕ್ಕ ಚೌಕ. ಕ್ವಾಂಟಂ ಸಿದ್ಧಾಂತಕ್ಕೆ ನೊಬೆಲ್ ಪಡೆದ ಬಾರ್ನ್ ಹುಟ್ಟಿದ್ದು ಇದೇ ಊರಿನಲ್ಲಿ, 1882ರಲ್ಲಿ. ಹಿಟ್ಲರ್ ಬಂದಮೇಲೆ ಯಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಈತನನ್ನು ಸಿ.ವಿ. ರಾಮನ್ ಬೆಂಗಳೂರಿಗೆ ಕರೆಸಿಕೊಂಡಿದ್ದರು. 1935–36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ದಂಪತಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಖಾಯಂ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು, ಒಳಗಿನವರ ವಿರೋಧದಿಂದ ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಮಳೆಯಲ್ಲಿ ಛತ್ರಿ ಹಿಡಿದು ಆ ಫಲಕದ ಫೋಟೊ ತೆಗೆದೆ. ಮಸುಕಾಗಿ ಬಂದಿದೆ.

ಸಂಜೆ ಪಾನಿಯವರು ಅಡುಗೆಮನೆಗೆ ಕರೆದರು. ಮೇಜಿನ ಮೇಲೆ ಹಿಟ್ಟು ಲಟ್ಟಿಸಿ, ಲೋಟ ಕವುಚಿ ದುಂಡಗೆ ಕತ್ತರಿಸಿ, ಒಳಗೆ ಹೂರಣ ಇಟ್ಟು, ಅರ್ಧಚಂದ್ರಕ್ಕೆ ಮಡಚಿ ಅಂಚು ಒತ್ತುತ್ತಿದ್ದರು. ಕರಿಗಡುಬೇ! ಆದರೆ ಕರಿಯುವುದಿಲ್ಲ, ನೀರಿನಲ್ಲಿ ಬೇಯಿಸುತ್ತಾರೆ. ಒಳಗೆ ಆಲೂಗಡ್ಡೆ, ಒಡೆದ ಹಾಲಿನ ಗಿಣ್ಣು, ಈರುಳ್ಳಿ. ನಾನು ಸಸ್ಯಾಹಾರಿ ಎಂದು ನನ್ನ ಪಾಲಿಗೆ ಮೇಲಿನ ಹಂದಿಕೊಬ್ಬಿನ ಚೂರು ಬಿಟ್ಟಿದ್ದರು. ಸುಮ್ಮನೆ ಕೂರಲಾರದೆ ನಾನೂ ನಾಲ್ಕು ಮಾಡಿದೆ, ಅಂಚಿಗೆ ನಮ್ಮ ಕಡುಬಿನ ಮುರಿಗೆ ಹಾಕಿ. ಅವರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬೇರೆ ತಟ್ಟೆಯಲ್ಲಿಟ್ಟರು.

ಇದರ ಹೆಸರು 'ಪಿಯೆರೋಗಿ ರುಸ್ಕಿಯೆ'. ರಷ್ಯಾದ್ದಾ ಎಂದು ಕೇಳಿಬಿಟ್ಟೆ. ಪುಟ್ಟ ಅನುವಾದಿಸುವ ಮೊದಲೇ ಅವರಿಗೆ ಅರ್ಥವಾಗಿ ಲಟ್ಟಣಿಗೆ ಎತ್ತಿದರು. ರಷ್ಯಾ ಅಲ್ಲವೇ ಅಲ್ಲ, ರುಥೇನಿಯಾ; ಲ್ವೂಫ್ ಸುತ್ತಲ ಸೀಮೆಗೆ ಹಿಂದಿನ ಹೆಸರು. ಅವರ ಅಮ್ಮ ಅಲ್ಲಿಯವರು. 1946ರಲ್ಲಿ ದನ ಸಾಗಿಸುವ ಗೂಡ್ಸ್ ಬೋಗಿಯಲ್ಲಿ ಮೂರು ವಾರ ಪ್ರಯಾಣ, ಜೊತೆಗೆ ಒಂದು ಮೇಕೆ, ಒಂದು ಹೊಲಿಗೆ ಯಂತ್ರ. ಈ ಮನೆಗೆ ಬಂದಾಗ ಬೀರುವಿನಲ್ಲಿ ಹಿಂದಿನವರ ತಟ್ಟೆಗಳು ಹಾಗೇ ಇದ್ದವಂತೆ. ಅಮ್ಮ ವರ್ಷಗಟ್ಟಲೆ ಪೆಟ್ಟಿಗೆ ಪೂರ್ತಿ ಬಿಚ್ಚಲಿಲ್ಲ, ಮತ್ತೆ ಎಲ್ಲಿಗೆ ಕಳಿಸುತ್ತಾರೋ ಎಂದು. ಪಾನಿಯವರು ಈಗಲೂ ಬಾಗಿಲ ಮೇಲಿನ 'ಬ್ರೀಫೆ' ತೆಗೆಸಿಲ್ಲ. ಯಾಕೆ ಎಂದದ್ದಕ್ಕೆ ಹೆಗಲು ಕುಣಿಸಿ, ಕಾಗದ ಬರುತ್ತದಲ್ಲ ಎಂದರು.

ನವೆಂಬರ್ 15

ನಾನು ಈ ವಾರವನ್ನೇ ಆರಿಸಿಕೊಂಡದ್ದು ಈ ದಿನಕ್ಕಾಗಿ.

1945ರ ಮೇ ತಿಂಗಳಲ್ಲಿ, ಊರು ಶರಣಾಗಿ ನಾಲ್ಕೈದು ದಿನಕ್ಕೆ, ಸ್ತಾನಿಸ್ವಾಫ್ ಕುಲ್ಚಿನ್ಸ್ಕಿ ಎಂಬ ಸಸ್ಯಶಾಸ್ತ್ರಜ್ಞರ ಮುಂದಾಳುತನದಲ್ಲಿ ಒಂದು ತಂಡ ಇಲ್ಲಿಗೆ ಬಂತು. ಲ್ವೂಫ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದವರು. ಯಹೂದಿ ವಿದ್ಯಾರ್ಥಿಗಳನ್ನು ಬೇರೆ ಬೆಂಚಿನಲ್ಲಿ ಕೂರಿಸುವ ಆದೇಶಕ್ಕೆ ಸಹಿ ಹಾಕಲಾರೆ ಎಂದು 1938ರಲ್ಲಿ ಕುರ್ಚಿ ಬಿಟ್ಟಿದ್ದರು. ಊರು ಇನ್ನೂ ಉರಿಯುತ್ತಿತ್ತು. ಲೂಟಿಕೋರರಿಂದ ಕಟ್ಟಡ, ಯಂತ್ರ, ಪುಸ್ತಕ ಉಳಿಸಲು ವಿದ್ಯಾರ್ಥಿಗಳದ್ದೇ 'ಅಕಾಡೆಮಿಕ್ ಕಾವಲು ಪಡೆ' ಕಟ್ಟಿದರು, ಕೈಗೆ ಬಂದೂಕು ಕೊಟ್ಟು. ಆಗಸ್ಟ್ 24ಕ್ಕೆ ವಿಶ್ವವಿದ್ಯಾಲಯ ಮತ್ತು ಪೊಲಿಟೆಕ್ನಿಕಾ ಎರಡನ್ನೂ ಒಟ್ಟಿಗೆ ಸ್ಥಾಪಿಸುವ ಆದೇಶ ಬಂತು. ಎರಡಕ್ಕೂ ಒಬ್ಬರೇ ರೆಕ್ಟರ್, ಕುಲ್ಚಿನ್ಸ್ಕಿ. ಪೊಲಿಟೆಕ್ನಿಕಾ ಕಡೆ ನೋಡಿಕೊಂಡವರು ಲ್ವೂಫ್‌ನ ಕೆಮಿಸ್ಟ್ರಿ ಪ್ರಾಧ್ಯಾಪಕ ಎಡ್ವರ್ಡ್ ಸುಖಾರ್ದಾ. ಒಂದೇ ಸೂರಿನ ಈ ಸಂಸಾರ 1951ರಲ್ಲಿ ಬೇರೆಯಾಯಿತು. ಪೊಲಿಟೆಕ್ನಿಕಾಕ್ಕೆ ತನ್ನದೇ ರೆಕ್ಟರ್ ಆಗಿ ದಿಯೋನಿಜಿ ಸ್ಮೊಲೆನ್ಸ್ಕಿ ಬಂದರು.

1945ರ ನವೆಂಬರ್ 15ಕ್ಕೆ ಮೊದಲ ಪಾಠ. ಮಾಡಿದವರು ಅರವತ್ತು ದಾಟಿದ್ದ ಕಜಿಮೆಷ್ ಇದಾಶೆವ್ಸ್ಕಿ, ಲ್ವೂಫ್‌ನಿಂದ ಬಂದವರು. ವಿಷಯ: ಎಲೆಕ್ಟ್ರಿಕಲ್ ಮೆಷೀನ್ಸ್.

ಪುಟ್ಟ ಇದನ್ನು ಫೋನಿನಲ್ಲಿ ಹೇಳಿದ ದಿನವೇ ನಾನು ಟಿಕೆಟ್ ನೋಡಲು ಕೂತದ್ದು. ಮೂವತ್ತು ವರ್ಷ ನಾನು ಕರಿಹಲಗೆಯ ಮೇಲೆ ಬರೆದದ್ದೂ ಅದನ್ನೇ. ಟ್ರಾನ್ಸ್‌ಫಾರ್ಮರ್, ಇಂಡಕ್ಷನ್ ಮೋಟಾರು, ಆಲ್ಟರ್ನೇಟರ್. ಆ ದಿನದ ನೆನಪಿಗೆ ನವೆಂಬರ್ 15ನ್ನು ಊರಿನ ಎಲ್ಲ ವಿಶ್ವವಿದ್ಯಾಲಯಗಳೂ ವಿಜ್ಞಾನದ ಹಬ್ಬವಾಗಿ ಆಚರಿಸುತ್ತವೆ.

ಬೆಳಿಗ್ಗೆ ಕಾಲೇಜಿನ ಪಕ್ಕದ ಸ್ಮಾರಕಕ್ಕೆ ಹೋದೆವು. ಹೂಗುಚ್ಛಗಳಿದ್ದವು, ಕೆಂಪು ಗಾಜಿನ ಬುಡ್ಡಿಯೊಳಗೆ ದೀಪಗಳಿದ್ದವು. 1964ರಲ್ಲಿ ನಿಲ್ಲಿಸಿದ್ದು, ಬೋರಿಸ್ ಮಿಖಾವೋವ್ಸ್ಕಿ ಕಡೆದದ್ದು. ಮೇಲೆ ಮೂರೇ ಪದ ಇವೆ, 'ನಮ್ಮ ಗತಿ ಎಚ್ಚರಿಕೆ' ಎಂದು ಅರ್ಥ. 1941ರ ಜುಲೈ 4ರ ನಸುಕಿನಲ್ಲಿ, ಲ್ವೂಫ್ ಹಿಡಿದ ಜರ್ಮನ್ನರು ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋಗಿ ಪ್ರಾಧ್ಯಾಪಕರನ್ನು ಎಬ್ಬಿಸಿ ಕರೆದೊಯ್ದು ವುಲ್ಕಾ ಗುಡ್ಡದ ಇಳಿಜಾರಿನಲ್ಲಿ ಗುಂಡಿಟ್ಟರು. ಕೆಲವರ ಮಕ್ಕಳನ್ನೂ ಬಿಡಲಿಲ್ಲ. ಗಣಿತಜ್ಞ ವ್ವೊಜಿಮೆಷ್ ಸ್ತೊಝೆಕ್ ಜೊತೆ ಇಬ್ಬರು ಗಂಡುಮಕ್ಕಳು. ಮುಂದೆ ಹೆಸರಾಂತ ಗಣಿತಜ್ಞರಾದ ಸ್ತೆಫಾನ್ ಬನಾಖ್‌ಗೆ ಪೊಲಿಟೆಕ್ನಿಕಾದಲ್ಲಿ ಮೊದಲ ಕೆಲಸ ಕೊಟ್ಟ ಆಂತೋನಿ ವೊಮ್ನಿಟ್ಸ್ಕಿ. ಮೂರು ವಾರ ಬಿಟ್ಟು ಕಜಿಮೆಷ್ ಬಾರ್ತೆಲ್, ದೇಶದ ಪ್ರಧಾನಿಯಾಗಿದ್ದವರು, ರೇಖಾಗಣಿತದ ಮೇಷ್ಟ್ರು.

ಹೆಸರುಗಳನ್ನು ಓದುತ್ತ ಒಂದರ ಮೇಲೆ ಬೆರಳು ನಿಂತಿತು. ವ್ವೊಜಿಮೆಷ್ ಕ್ರುಕೋವ್ಸ್ಕಿ. ಎಲೆಕ್ಟ್ರಿಕಲ್ ಎಂಜಿನಿಯರ್, ವಿದ್ಯುತ್ ಮೀಟರುಗಳ ತಜ್ಞ. ನಮ್ಮ ಮನೆಗಳಲ್ಲಿ ಮೊನ್ನೆಮೊನ್ನೆಯ ತನಕ ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿದ್ದ ಮೀಟರ್ ಇತ್ತಲ್ಲ, ಅಂಥವುಗಳ ಲೆಕ್ಕ ತಪ್ಪದಂತೆ ನೋಡುವುದು ಅವರ ವಿದ್ಯೆ. ಪ್ರತಿ ವರ್ಷ ನಾನು ಹುಡುಗರಿಗೆ ಹೇಳುತ್ತಿದ್ದ ಪಾಠವದು. ಮನೆಯಲ್ಲಿ ಒಂದು ದೀಪವೂ ಉರಿಯದಿದ್ದಾಗ ತಟ್ಟೆ ತಾನಾಗಿ ನಿಧಾನ ತೆವಳುತ್ತದೆ, ಅದಕ್ಕೆ ಕ್ರೀಪಿಂಗ್ ಎನ್ನುತ್ತಾರೆ. ತಡೆಯಲು ತಟ್ಟೆಯಲ್ಲಿ ಎದುರುಬದುರು ಎರಡು ತೂತು ಕೊರೆಯುತ್ತಾರೆ. ತೂತು ಅಯಸ್ಕಾಂತದ ಧ್ರುವದ ಕೆಳಗೆ ಬಂದಾಗ ತಟ್ಟೆ ಅಲ್ಲೇ ನಿಲ್ಲುತ್ತದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಆ ಗುಡ್ಡದ ಮೇಲೆ ಅಂಥ ಒಬ್ಬರು ನಿಂತಿದ್ದರು ಎಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಬದುಕಿ ಬಂದವರಲ್ಲಿ ಹ್ಯೂಗೋ ಸ್ಟೈನ್‌ಹೌಸ್ ಒಬ್ಬರು. ಯಹೂದಿ, ಗಣಿತಜ್ಞ, ಬನಾಖ್‌ನನ್ನು ಕಂಡುಹಿಡಿದವರು. ಯುದ್ಧಕಾಲವನ್ನು ಸುಳ್ಳು ಹೆಸರಿನಲ್ಲಿ ಹಳ್ಳಿಯಲ್ಲಿ ಅಡಗಿ ಕಳೆದರು. ಇಲ್ಲಿ ಎರಡೂ ಸಂಸ್ಥೆಗಳಿಗೆ ಸೇರಿದ್ದ ಗಣಿತ–ಭೌತ–ರಸಾಯನ ನಿಕಾಯದ ಮೊದಲ ಡೀನ್ ಆದರು. ಲ್ವೂಫ್‌ನ ಒಂದು ಕಾಫಿ ಹೋಟೆಲಿನಲ್ಲಿ ಗಣಿತಜ್ಞರು ಕೂತು ಲೆಕ್ಕದ ಸವಾಲುಗಳನ್ನು ಬರೆದಿಡುತ್ತಿದ್ದ 'ಸ್ಕಾಟಿಷ್ ಪುಸ್ತಕ' ಇದೆಯಲ್ಲ, ಒಂದು ಸವಾಲಿಗೆ ಜೀವಂತ ಹೆಬ್ಬಾತು ಬಹುಮಾನ ಇಟ್ಟ ಪುಸ್ತಕ, ಅದೂ ಬನಾಖ್ ಅವರ ಹೆಂಡತಿಯ ಜೊತೆ ಈ ಊರಿಗೇ ಬಂತು. ಸ್ಟೈನ್‌ಹೌಸ್ ಅದರ ಪ್ರತಿ ಮಾಡಿ ಅಮೆರಿಕಕ್ಕೆ ಕಳಿಸಿದರು.

ಸಂಜೆ ಎ-1ರ ಒಳಗೆ ಒಂದು ಖಾಲಿ ತರಗತಿಯ ಬಾಗಿಲು ತೆರೆದಿತ್ತು. ಇದಾಶೆವ್ಸ್ಕಿ ಪಾಠ ಮಾಡಿದ ಕೋಣೆ ಇದೇ ಅಲ್ಲ ಎಂದು ಗೊತ್ತಿದ್ದೂ ಹೋಗಿ ಹಲಗೆಯ ಎದುರು ನಿಂತೆ. ಆಗ ಕಿಟಕಿಗಳಿಗೆ ಗಾಜಿರಲಿಲ್ಲವಂತೆ, ಹುಡುಗರು ಕೋಟು ತೊಟ್ಟೇ ಕೂತಿದ್ದರು. ಷಾತ್ನ್ಯಾ, ಬಿಲ್ಲೆ ಯಾವುದೂ ಇಲ್ಲ. "ಮಾವ, ಏನಾದ್ರೂ ಬರೀರಿ" ಅಂದ ಪುಟ್ಟ. ಸೀಮೆಸುಣ್ಣ ಇತ್ತು. ಇ ಈಕ್ವಲ್ ಟು 4.44 ಎಫ್ ಎನ್ ಫೈ ಎಂದು ಟ್ರಾನ್ಸ್‌ಫಾರ್ಮರಿನ ಸೂತ್ರ ಬರೆದೆ. ನೋಡಿದೆ. ಯಾರಾದರೂ ಬಂದಾರೆಂದು ಅಳಿಸಿಬಿಟ್ಟೆ.

ನವೆಂಬರ್ 16

ನಸುಕಿಗೇ ಹೊರಡುವುದಿತ್ತು. ಪಾನಿಯವರು ಹಾಸಿಗೆಯಿಂದ ಎದ್ದು ಬಂದು ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟರು. ಮೇಲಿದ್ದದ್ದು ಮುರಿಗೆ ಅಂಚಿನ ನಾಲ್ಕು, ನನ್ನವೇ. ಬದಲಿಗೆ ಚಟ್ನಿಪುಡಿಯ ಉಳಿದ ಡಬ್ಬಿ ಕೊಟ್ಟೆ. ಹೇಗೆ ತಿನ್ನಬೇಕೆಂದು ಪುಟ್ಟ ಹೇಳುತ್ತಾನೆ, ಅವನು ಸರಿಯಾಗಿ ಹೇಳುವ ನಂಬಿಕೆಯಿಲ್ಲ.

ಸೂಟ್‌ಕೇಸ್ ಹಿಡಿದು ಇಳಿಯುವಾಗ ಮೆಟ್ಟಿಲಿನ ತಿರುವಿನಲ್ಲಿ ಒಂದು ತಗಡಿನ ಪೆಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ದಿನಕ್ಕೆ ನಾಲ್ಕು ಸಲ ದಾಟಿದ್ದೆ, ನೋಡಿರಲಿಲ್ಲ. ಒಳಗೆ ಐದು ಮೀಟರು. ನಾಲ್ಕು ಹೊಸವು, ಅಂಕಿ ಮಿನುಗುವಂಥವು. ಕೊನೆಯದು ಹಳೆಯದು, ದುಂಡು ಗಾಜಿನದು. ಫೋನಿನ ಬೆಳಕು ಹಿಡಿದೆ. ತಟ್ಟೆ ಕಾಣದಷ್ಟು ನಿಧಾನವಾಗಿ ಜಾರುತ್ತಿತ್ತು. ಕಪ್ಪು ಗುರುತು ಬಂತು, ಹೋಯಿತು. ತೂತು ಬರಲೆಂದು ಕಾದೆ.

"ಮಾವ, ಟ್ರಾಮ್!" ಕೆಳಗಿನಿಂದ ಪುಟ್ಟನ ಕೂಗು.

ಅಷ್ಟರಲ್ಲಿ ಮೇಲೆ ಯಾರೋ ಚಹಾಕ್ಕೆ ನೀರಿಟ್ಟಿರಬೇಕು. ತಟ್ಟೆ ಒಮ್ಮೆಗೇ ಜೋರಾಗಿ ತಿರುಗತೊಡಗಿತು.